ಪಕ್ಕದ ಮನೆಯ ನೆರಳು

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಅಂತಸ್ತು ಬೇಕು. ಪಕ್ಕದ ಮನೆಯವರು ಸೈಟು ಕೊಂಡರೆಂದೋ, ಮಗಳಿಗೆ ಎರಡೆಳೆ ಸರ ಮಾಡಿಸಿದರೆಂದೋ ಉರಿದುಕೊಂಡರೆ ನಾಲ್ಕು ಜನ ಅಯ್ಯೋ ಪಾಪ ಅನ್ನುತ್ತಾರೆ. ನನ್ನ ಹೊಟ್ಟೆಕಿಚ್ಚಿಗೆ ಆ ಮರ್ಯಾದೆಯೂ ಇಲ್ಲ. ನಾನು ಉರಿದುಕೊಂಡದ್ದು ಪಕ್ಕದ ಮನೆಯ ನೆರಳನ್ನು ಕಂಡು. ಅದೂ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ, ಪರಿಸರ ದಿನದಂದು ಮೈಕು ಕೈಗೆ ಸಿಕ್ಕರೆ ಹೆಡ್‌ಮಾಸ್ಟರು ಬಂದು ಕಿತ್ತುಕೊಳ್ಳುವವರೆಗೂ ಬಿಡದ ನಾನು.

ಸಾದಲಿ ಕಡೆ ನಾವು ಮನೆ ಕಟ್ಟಿಸಿದಾಗ ಅಂಗಳದಲ್ಲಿ ಒಂದು ಹೊಂಗೆ ಮರ ಇತ್ತು. ಬೇಸಿಗೆ ಬಂದರೆ ಅದು ನನ್ನ ಕಾರಿನ ಮೇಲೆ ಹೂವು ಸುರಿಸುತ್ತಿತ್ತು, ಉಳಿದ ಕಾಲದಲ್ಲಿ ಅದರ ಮೇಲೆ ಕೂತ ಹಕ್ಕಿಗಳು ಬೇರೇನೋ ಸುರಿಸುತ್ತಿದ್ದವು. ದಿನಾ ಕಾರು ಒರೆಸಿ ಒರೆಸಿ ಸಾಕಾಗಿ ಮರವನ್ನೇ ಕಡಿಸಿಬಿಟ್ಟೆ. ಅಂಗಳಕ್ಕೆ ಈ ತುದಿಯಿಂದ ಆ ತುದಿಯವರೆಗೆ ಸಿಮೆಂಟು ಹಾಕಿಸಿದೆ. ಆ ವರ್ಷ ಪರಿಸರ ದಿನದ ಭಾಷಣದಲ್ಲಿ, ಒಂದು ಮರ ಕಡಿದರೆ ಹತ್ತು ಸಸಿ ನೆಡಿ ಎಂದು ಗಂಟಲು ಕಟ್ಟುವಂತೆ ಹೇಳಿದೆ. ಅದರ ಮೊದಲರ್ಧವನ್ನು ನಾನು ಆಗಲೇ ಮಾಡಿ ಮುಗಿಸಿದ್ದೆ.

ಪಕ್ಕದ ಮನೆ ರತ್ನಮ್ಮನವರದು. ನಾಲ್ಕನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟು ರೇಷ್ಮೆ ಹುಳದ ಹಿಂದೆ ಬಿದ್ದವರು ಅವರು. ಅಂಗಳದಲ್ಲಿ ಎರಡು ಹೊಂಗೆ, ಒಂದು ಬೇವು, ಕೆಳಗೆ ನೀರು ಚಿಮುಕಿಸಿದ ಮಣ್ಣು. ಹುಳು ಸಾಕುವ ಮನೆಯ ಕಿಟಕಿಗೆಲ್ಲ ಒದ್ದೆ ಗೋಣಿಚೀಲ. ಅದರಾಚೆ ಹಿಪ್ಪುನೇರಳೆ ತೋಟ ನಮ್ಮ ಕಾಂಪೌಂಡಿನವರೆಗೂ ಬಂದಿದೆ. ಹುಳುಮನೆಯ ಬಾಗಿಲಿಗೆ, ಸರಿಯಾಗಿ ನಮ್ಮ ಮನೆಯ ಕಡೆಗೆ ಮುಖ ಮಾಡಿ, ದೃಷ್ಟಿಗೆಂದು ಒಂದು ಹಳೇ ಚಪ್ಪಲಿ ನೇತುಹಾಕಿದ್ದರು. ಅದು ಮೂಢನಂಬಿಕೆ ಎಂದು ಒಮ್ಮೆ ಅವರಿಗೆ ಬಿಡಿಸಿ ಹೇಳಿದ್ದೆ. "ಕಣ್ಣಿಂದ ಏನೂ ಆಚೆ ಹೋಗಲ್ಲ ರತ್ನಮ್ಮನೋರೆ. ಬೆಳಕು ಒಳಗೆ ಬರುತ್ತೆ, ಅಷ್ಟೆ." ಅವರು ಸಮಾಧಾನವಾಗಿ ಕೇಳಿಸಿಕೊಂಡು, "ಇರಬೋದು ಮೇಷ್ಟ್ರೆ. ಚಪ್ಪಲಿ ಅದರ ಪಾಡಿಗೆ ಇರ್ಲಿ ಬಿಡಿ, ಅದೇನು ಅನ್ನ ಕೇಳ್ತದಾ?" ಅಂದರು.

ಈ ಸಲದ ಬೇಸಿಗೆಯಲ್ಲಿ ನಮ್ಮ ಅಂಗಳ ರೊಟ್ಟಿ ಹೆಂಚಾಯಿತು. ಮೊದಲು ಗುಬ್ಬಚ್ಚಿಗಳು ಪಕ್ಕದ ಮನೆಗೆ ಹೋದವು. ಹೋಗಲಿ, ಹಕ್ಕಿಗೆ ಏನು ತಿಳಿಯುತ್ತೆ ಅಂದುಕೊಂಡೆ. ಆಮೇಲೆ ನಮ್ಮ ಮನೆಯ ಹಾಲು ಕುಡಿದು ಬೆಳೆದ ಬೆಕ್ಕು ಹೋಯಿತು. ಕೊನೆಗೆ ಒಂದು ಮಧ್ಯಾಹ್ನ ನನ್ನ ಹೆಂಡತಿ ಶಾರದ ಹುಣಸೆಹಣ್ಣಿನ ಬುಟ್ಟಿ ಎತ್ತಿಕೊಂಡು, "ಬೀಜ ಬಿಡಿಸ್ಕೊಂಡು ಬರ್ತೀನಿ ರೀ, ಅಲ್ಲಿ ತಣ್ಣಗಿರುತ್ತೆ" ಎಂದು ಹೊರಟಳು. ದಿನಾ ಹೋಗತೊಡಗಿದಳು. ಆ ಕಡೆಯಿಂದ ನಗು ಕೇಳುತ್ತಿತ್ತು. ಈ ಕಡೆ ಫ್ಯಾನಿನ ಕೆಳಗೆ ನಾನೊಬ್ಬ ಬೇಯುತ್ತಿದ್ದೆ. ತಂಪು ಎಂಬುದು ಹೆಂಗಸರ ಭ್ರಮೆ ಎಂದು ತೋರಿಸಲು ಸ್ಕೂಲಿನ ಲ್ಯಾಬಿನಿಂದ ಎರಡು ಥರ್ಮಾಮೀಟರ್ ತಂದೆ. ಒಂದನ್ನು ನಮ್ಮ ಪೋರ್ಟಿಕೋದಲ್ಲಿ ಕಟ್ಟಿದೆ, ಇನ್ನೊಂದನ್ನು ಗೋಡೆಯ ಮೇಲೆ ಬಾಗಿದ್ದ ಅವರ ಹೊಂಗೆ ಕೊಂಬೆಗೆ ಗುಟ್ಟಾಗಿ ಕಟ್ಟಿದೆ. ಅಲ್ಲಿ ನಾಲ್ಕು ಡಿಗ್ರಿ ಕಡಿಮೆ. ಥರ್ಮಾಮೀಟರ್ ಕೆಟ್ಟಿರಬೇಕೆಂದು ಎರಡನ್ನೂ ಅದಲುಬದಲು ಮಾಡಿದೆ. ಆಗಲೂ ನಾಲ್ಕೇ ಡಿಗ್ರಿ. ಸರ್ಕಾರಿ ಥರ್ಮಾಮೀಟರ್ ಕೂಡ ಅವರ ಕಡೆ ಸೇರಿಕೊಂಡಿತ್ತು.

ಮರ ಬೆಳೆಸಲು ವರ್ಷಗಟ್ಟಲೆ ಬೇಕು, ಹೊಟ್ಟೆಕಿಚ್ಚಿಗೆ ಅಷ್ಟು ತಾಳ್ಮೆ ಇಲ್ಲ. ಹನ್ನೆರಡು ಕುಂಡ ಗುಲಾಬಿ ತಂದು ಪೋರ್ಟಿಕೋದಲ್ಲಿ ಸಾಲಾಗಿ ಇಟ್ಟೆ. ಶಾರದ ಅವನ್ನು ನೋಡಿ, "ಚೆನ್ನಾಗಿದೆ ರೀ" ಎಂದು ಹೊಗಳಿ, ಹುಣಸೆಹಣ್ಣಿನ ಬುಟ್ಟಿ ಎತ್ತಿಕೊಂಡು ಪಕ್ಕದ ಮನೆಗೆ ಹೋದಳು. ಎಂಟೇ ದಿನದಲ್ಲಿ ಗುಲಾಬಿಯ ಮೊಗ್ಗಿಗೆಲ್ಲ ಹೇನು ಮುತ್ತಿಕೊಂಡಿತು. ಚಿಂತಾಮಣಿಯಿಂದ ಔಷಧಿ ತಂದೆ. ಗೆಳೆಯನೊಬ್ಬನ ದ್ರಾಕ್ಷಿ ತೋಟದಿಂದ ಬೆನ್ನಿಗೆ ಹಾಕುವ ಸ್ಪ್ರೇಯರ್ ತಂದೆ. ಒಂದು ಮುಚ್ಚಳ ಸಾಕು ಅಂದಿದ್ದ ಕಡೆ, ಇರಲಿ ಎಂದು ಎರಡು ಮುಚ್ಚಳ ಹಾಕಿದೆ.

ನಮ್ಮ ಕಡೆ ಒಂದು ಪದ್ಧತಿ ಇದೆ. ಯಾರೇ ಔಷಧಿ ಹೊಡೆಯಲಿ, ಹಿಂದಿನ ದಿನವೇ ಅಕ್ಕಪಕ್ಕದ ಹುಳದವರಿಗೆ ಹೇಳಬೇಕು. ಅವರು ಬೇಕಾದ ಸೊಪ್ಪನ್ನು ಮೊದಲೇ ಕೊಯ್ದುಕೊಳ್ಳುತ್ತಾರೆ. ಔಷಧಿ ಸೋಕಿದ ಸೊಪ್ಪು ತಿಂದರೆ ರೇಷ್ಮೆ ಹುಳು ಉಳಿಯುವುದಿಲ್ಲ. ಬದ್ಧ ವೈರಿಗಳೂ ಬೇಲಿಯಾಚೆಯಿಂದ ಇದೊಂದು ಮಾತನ್ನು ಕೂಗಿ ಹೇಳುತ್ತಾರೆ. ನಾನು ಹೇಳಲಿಲ್ಲ. ಹೇಳಿದರೆ ನನ್ನ ಗುಲಾಬಿಗೆ ಹೇನು ಬಿದ್ದಿರುವುದು ರತ್ನಮ್ಮನಿಗೆ ಗೊತ್ತಾಗುತ್ತಿತ್ತಲ್ಲ!

ಭಾನುವಾರ ಬೆಳಿಗ್ಗೆ ಹೊಡೆದೆ. ಮುಗಿಸಿ ತಿರುಗಿದರೆ, ನಾನು ಹೊಡೆದ ಔಷಧಿ ಹೊಗೆಯ ಹಾಗೆ ಗೋಡೆ ಹತ್ತಿ, ಹಿಪ್ಪುನೇರಳೆ ಸಾಲುಗಳ ಮೇಲೆ ನಿಧಾನವಾಗಿ ಇಳಿಯುತ್ತಿತ್ತು. ಎಂಟನೇ ಕ್ಲಾಸಿಗೆ ಗಾಳಿಯ ಪಾಠ ಮಾಡುವವನು ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದೇ ನೋಡಿರಲಿಲ್ಲ. ಸ್ವಲ್ಪ ಹೊತ್ತಿಗೆ ರತ್ನಮ್ಮ ಕುಡುಗೋಲು ಹಿಡಿದು ಅದೇ ಸಾಲಿಗೆ ಬಂದರು. ಹುಳು ನಾಲ್ಕನೇ ಜ್ವರ, ಅಂದರೆ ಕೊನೆಯ ಪೊರೆ, ಕಳಚಿ ಎದ್ದಿವೆ, ಇನ್ನೊಂದು ವಾರಕ್ಕೆ ಗೂಡು ಕಟ್ಟುತ್ತವೆ ಎಂದು ಶಾರದ ಹೇಳಿದ್ದಳು. ನಾನು ಕಿಟಕಿಯ ಹಿಂದೆ ನಿಂತಿದ್ದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಒಂದು ಗಳಿಗೆ ಸುಮ್ಮನಿದ್ದೆ. ಇವರಿಗೂ ಒಂದು ಬೆಳೆ ಕೈಕೊಟ್ಟರೆ ಏನಾಗುತ್ತೆ ಎಂಬ ಯೋಚನೆ ಬಂದು ಹೋಯಿತು. ಅದು ನನ್ನದೇ ಯೋಚನೆ ಎಂದು ಹೊಳೆದದ್ದೇ ತಡ, ಬರಿಗಾಲಲ್ಲಿ ಸುಡುವ ಸಿಮೆಂಟಿನ ಮೇಲೆ ಕುಣಿಯುತ್ತಾ ಗೋಡೆಯ ಹತ್ತಿರ ಓಡಿ, "ರತ್ನಮ್ಮನೋರೆ, ಕುಯ್ಬೇಡಿ! ಔಷಧಿ ಬಿದ್ದಿದೆ!" ಎಂದು ಕೂಗಿದೆ.

ಅವರು ಸೊಪ್ಪನ್ನು ಮೂಸಿ ನೋಡಿದರು. "ಒಂದು ಮಾತು ಹೇಳಬಾರ್ದಾ ಮೇಷ್ಟ್ರೆ?" ಅಂದರು, ಅಷ್ಟೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಆಮೇಲೆ ಎರಡು ಮೊರ ತಂದು ಬೇವಿನ ಮರದ ಕೆಳಗಿಟ್ಟರು. ಒಂದೊಂದರಲ್ಲಿ ಹತ್ತು ಹತ್ತು ಹುಳು ಬಿಟ್ಟರು. ಒಂದಕ್ಕೆ ನಮ್ಮ ಗೋಡೆಯ ಪಕ್ಕದ ಸೊಪ್ಪು, ಇನ್ನೊಂದಕ್ಕೆ ದೂರದ ಸಾಲಿನ ಸೊಪ್ಪು. "ಎಲ್ಲೀವರ್ಗೂ ಬಿದ್ದೈತೆ ಅಂತ ಗೊತ್ತಾಗಬೇಕಲ್ಲ" ಅಂದರು. ಇಪ್ಪತ್ತು ವರ್ಷದಿಂದ ಬೋರ್ಡಿನ ಮೇಲೆ ನಾನು ಬರೆದುಹಾಕುವ ಪ್ರಯೋಗ ಅದೇ. ಇಷ್ಟು ಅಚ್ಚುಕಟ್ಟಾಗಿ ಒಂದು ದಿನವೂ ಮಾಡಿ ತೋರಿಸಿರಲಿಲ್ಲ. ಅಷ್ಟು ಭಯದಲ್ಲೂ ನನಗೆ ಮತ್ತೆ ಹೊಟ್ಟೆಕಿಚ್ಚಾಯಿತು.

ಸಂಜೆಯವರೆಗೂ ಆ ನೆರಳಿನಲ್ಲೇ ಕಾದು ಕೂತೆ. ಗುಬ್ಬಚ್ಚಿಗಳು, ಬೆಕ್ಕು, ಶಾರದ, ಎಲ್ಲರೂ ಅಲ್ಲಿದ್ದರು. ನಿಜಕ್ಕೂ ತಣ್ಣಗಿತ್ತು. ಸಂಜೆಗೆ ಮೊದಲನೇ ಮೊರದ ಹುಳುಗಳು ತಲೆ ಆಡಿಸಿ, ಹಸಿರು ಕಕ್ಕಿ ಮಲಗಿದವು. ಎರಡನೆಯದರಲ್ಲಿ ಹತ್ತೂ ಮೇಯುತ್ತಿದ್ದವು. ದೂರದ ಸಾಲು ಉಳಿದಿತ್ತು, ಆದರೆ ಒಂದು ವಾರಕ್ಕೆ ಅದು ಸಾಲದು. ಮಂಡಿಕಲ್ಲಿನಲ್ಲಿರುವ ಅವರ ತಮ್ಮನ ತೋಟದಿಂದ ನಾನೇ ದಿನಾ ಸೊಪ್ಪು ತಂದೆ, ನನ್ನ ಕಾರಿನಲ್ಲಿ. ಒಂದು ಎಲೆ ಬೀಳಬಾರದೆಂದು ಯಾವ ಕಾರಿಗಾಗಿ ಮರ ಕಡಿಸಿದ್ದೆನೋ, ಆ ಕಾರಿನ ಸೀಟು, ಡಿಕ್ಕಿ, ಸ್ಟೇರಿಂಗಿನ ಸಂದಿ ಎಲ್ಲ ಎಲೆಯೋ ಎಲೆ.

ಹುಳು ಗೂಡು ಕಟ್ಟಿದವು. ಗೂಡು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋದ ದಿನ ರತ್ನಮ್ಮ ಒಂದು ಹೊಂಗೆ ಸಸಿ ತಂದುಕೊಟ್ಟು, "ಪೋನೀಲೇ ಮೇಷ್ಟ್ರೆ, ಹೋಗ್ಲಿ ಬಿಡಿ, ಆಗಿದ್ದಾಯ್ತು. ಇದನ್ನ ನೆಡಿ" ಅಂದರು. ಸಿಮೆಂಟು ಒಡೆಸಿ ನೆಟ್ಟೆ. ಒಂದು ತಿಂಗಳಲ್ಲಿ ಮೊಣಕಾಲುದ್ದವಾಯಿತು, ಐದು ಹೊಸ ಎಲೆ ಬಂತು. ಮೊನ್ನೆ ಎದುರು ಮನೆಯ ಡ್ರಿಲ್ ಮಾಸ್ಟರು ಅದನ್ನೇ ನೋಡುತ್ತಾ ನಿಂತು, "ಪರವಾಗಿಲ್ವೆ, ಚೆನ್ನಾಗಿ ಬಂದಿದೆ" ಅಂದರು. ಅವರ ಅಂಗಳಕ್ಕೂ ಸಿಮೆಂಟು ಹಾಕಿಸಿದ್ದಾರೆ.

ಅವರು ಅತ್ತ ಹೋದ ಕೂಡಲೆ ನಾನು ಒಳಗೆ ಹೋಗಿ ಹಳೇ ಚಪ್ಪಲಿಯೊಂದನ್ನು ಹುಡುಕಿ ತಂದು ಸಸಿಯ ಕೋಲಿಗೆ ಕಟ್ಟಿದೆ. ನಕ್ಕರೆ ನಗಿ. ಪಕ್ಕದ ಮನೆಯವನ ಕಣ್ಣು ಏನೆಲ್ಲ ಮಾಡಬಲ್ಲದು ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?