ಇಲ್ಲದ ಬೆಳಕನ್ನೂ ಕಂಡ ನಮ್ಮ ಮಾವ

ಬೆಳಗ್ಗೆ ನಳದ ನೀರು ಹಿಡಿದೆ. ಹೆಸರುಕಾಳು ನೆನೆಹಾಕಿದೆ. ಗಿರಣಿಗೆ ಹೋಗಿ ಜೋಳ ಬೀಸಿಸಿಕೊಂಡು ಬಂದೆ. ನಿನ್ನೆ ಒಣಗಿದ ಬಟ್ಟೆ ಮಡಚಿಟ್ಟೆ. ಹನ್ನೊಂದರ ಬಸ್ಸಿಗೆ ಬನಹಟ್ಟಿಯ ನಮ್ಮ ಸೋದರಮಾವನನ್ನು ಜಮಖಂಡಿಗೆ ಕರೆದೊಯ್ದು ಅವರ ಕಣ್ಣಿಗೆ ಲೇಸರ್ ಮಾಡಿಸಿಕೊಂಡು ಬಂದೆ. ಮೊದಲ ನಾಲ್ಕು ಕೆಲಸಕ್ಕೆ ಒಂದು ಮುಂಜಾನೆ ಸಾಕಾಯಿತು. ಐದನೆಯದಕ್ಕೆ ಒಂದು ವರ್ಷ ಹಿಡಿಯಿತು.

ಯಾಕೆಂದರೆ ನಮ್ಮ ಮಾವನ ಕಣ್ಣು ಬಹಳ ಚುರುಕು. ಎಷ್ಟೆಂದರೆ, ಇಲ್ಲದ ಬೆಳಕೂ ಅವರಿಗೆ ಕಾಣುತ್ತದೆ. ಇದು ನನ್ನ ಮಾತಲ್ಲ, ದವಾಖಾನೆಯ ಯಂತ್ರ ಕಾಗದದ ಮೇಲೆ ಬರೆದುಕೊಟ್ಟದ್ದು.

ಮಾವ ಕೈಮಗ್ಗದವರು. ಸೀರೆಯಲ್ಲಿ ಒಂದು ಎಳೆ ತಪ್ಪಿದ್ದರೂ ಹೊಸ್ತಿಲಲ್ಲಿ ನಿಂತೇ ಹೇಳಬಲ್ಲರು. ಆದರೆ ಅದೇ ಹೊಸ್ತಿಲು ದಾಟುವಾಗ ಎಡಭುಜವನ್ನು ಚೌಕಟ್ಟಿಗೆ ಬಡಿದುಕೊಳ್ಳುತ್ತಾರೆ. ಕೇಳಿದರೆ, "ಚೌಕಟ್ಟ ಉಬ್ಬೇತಿ. ಮಳಿಗಾಲದಾಗ ಕಟ್ಟಿಗಿ ಹಂಗ" ಎಂದರು. ಅದು ಕಳೆದ ವರ್ಷದ ಏಪ್ರಿಲ್ ತಿಂಗಳು. ಮುಂದಿನ ವಾರ ಓಣಿಯಲ್ಲಿ ಕಟ್ಟಿದ್ದ ಎಮ್ಮೆಗೆ ಡಿಕ್ಕಿ ಹೊಡೆದರು. ಎಮ್ಮೆ ಮನುಷ್ಯರಿಗೆ ಹಾಯುವುದನ್ನು ನೀವು ನೋಡಿರಬಹುದು. ನಿಂತ ಎಮ್ಮೆಗೆ ಹಾಯ್ದ ಮನುಷ್ಯರನ್ನು ಎಲ್ಲಾದರೂ ಕಂಡಿದ್ದೀರಾ? ಮೇಲಾಗಿ ಬೈಸಿಕೊಂಡವನು ಎಮ್ಮೆಯ ಯಜಮಾನ.

"ಅದಕ್ಕೊಂದ ಗಂಟಿ ಕಟ್ಟಬಾರದೇನಲೇ? ಮನುಷ್ಯಾರು ಓಡಾಡೂ ಓಣಿ ಇದು."

"ಕಾಕಾ, ಅದು ಮುಂಜಾನಿಂದ ಅಲ್ಲೇ ನಿಂತೇತಿ. ನಿಂತ ಎಮ್ಮಿ ಗಂಟಿ ಹೆಂಗ ಬಾರಿಸ್ತೇತಿ?"

ಅಂದೇ ನಾನೂ ಅತ್ತೆಯೂ ಕೂಡಿ ಅವರನ್ನು ಜಮಖಂಡಿಯ ಕಣ್ಣಿನ ಡಾಕ್ಟರರ ಮುಂದೆ ಕೂರಿಸಿದೆವು. ಗ್ಲಾಕೋಮಾ ಎಂದರು. ಕಣ್ಣೊಳಗಿನ ನೀರಿನ ಒತ್ತಡ ಏರಿ ನರ ಸವೆಯುತ್ತಿದೆ. ಎದುರಿನದು ಕಾಣುತ್ತದೆ, ಬದಿಯದು ಹೋಗಿದೆ. ಹೋದದ್ದು ತಿರುಗಿ ಬರುವುದಿಲ್ಲ. ಒತ್ತಡ ಇಳಿಸದಿದ್ದರೆ ಉಳಿದದ್ದೂ ಹೋಗುತ್ತದೆ. ದಿನಾ ರಾತ್ರಿ ಒಂದೊಂದು ಹನಿ ಹಾಕಿಕೊಳ್ಳಲು ಬಾಟಲಿ ಕೊಟ್ಟರು.

ನಾಲ್ಕು ತಿಂಗಳ ಮೇಲೆ ಹೋದಾಗ ಮಾವ ಅದೇ ಬಾಟಲಿಯನ್ನು ಜಂಬದಿಂದ ಮೇಜಿನ ಮೇಲಿಟ್ಟರು. ಒಳಗೆ ಇನ್ನೂ ಅರ್ಧ ಔಷಧವಿತ್ತು.

"ಇದು ಒಂದ ತಿಂಗಳಿಗೆ ಮುಗೀಬೇಕ್ರಿ" ಎಂದರು ಡಾಕ್ಟರು.

"ಮುಗಸೂದು ಯಾರಿಗೆ ಬರಂಗಿಲ್ರಿ ಸಾಹೇಬ್ರ? ಉಳಸೂದು ಕಲಿಬೇಕು."

ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ. ಒತ್ತಡ ಇಳಿದಿರಲಿಲ್ಲ ಎಂದು ಬೇರೆ ಹೇಳಬೇಕೆ? ಆಮೇಲೂ ಕೆಲವು ತಿಂಗಳು ಹನಿಗಳ ಉಳಿತಾಯ ನಡೆದೇ ಇತ್ತು.

ಕಳೆದ ತಿಂಗಳು ಬದಿಯ ನೋಟ ಅಳೆಯುವ ಪರೀಕ್ಷೆ ಮಾಡಿದರು. ದೊಡ್ಡ ಬೋಗುಣಿಯಂಥ ಯಂತ್ರದೊಳಗೆ ಮುಖವಿಟ್ಟು ಕೂರಬೇಕು. ಅಲ್ಲೊಂದು ಇಲ್ಲೊಂದು ಸಣ್ಣ ಬೆಳಕು ಮಿನುಗುತ್ತದೆ. ಕಂಡಾಗ ಮಾತ್ರ ಕೈಯಲ್ಲಿಯ ಗುಂಡಿ ಒತ್ತಬೇಕು. ನಾನು ಬಾಗಿಲ ಬಳಿ ಕೂತಿದ್ದೆ. ಟಕ್, ಟಕ್, ಟಕ್ ಎಂದು ಗುಂಡಿಯ ಸದ್ದು ಒಂದೇ ಲಯದಲ್ಲಿ ಬರತೊಡಗಿತು. ಅನುಮಾನದಿಂದ ಬಗ್ಗಿ ನೋಡಿದರೆ ಮೇಜಿನ ಕೆಳಗೆ ಎರಡೂ ಕಾಲು ಒಂದು ಮೇಲೆ, ಒಂದು ಕೆಳಗೆ. ಮಾವ ಮಗ್ಗ ನೇಯುತ್ತಿದ್ದರು!

ಕಾಗದ ನೋಡಿ ಪರೀಕ್ಷೆಯ ಹುಡುಗಿ ತಲೆ ಕೆರೆದುಕೊಂಡಳು. "ಅಜ್ಜಾರ, ಬೆಳಕ ಇಲ್ಲದಾಗೂ ಒತ್ತೀರಲ್ರಿ?"

"ನಿಮ್ಮ ಮಷೀನ ನಿಧಾನ ಐತಿ ತಂಗಿ. ಅದು ಹಿಂದ ಬಿದ್ರ ನಾ ಏನ ಮಾಡ್ಲಿ?"

ಎರಡನೆಯ ಸಲ ನಾನು ನೆಲದ ಮೇಲೆ ಕೂತು ಅವರ ಎರಡೂ ಮೊಣಕಾಲು ಬಿಗಿಯಾಗಿ ಹಿಡಿದುಕೊಂಡೆ. ಕಾಲು ನಿಂತಿತು, ಗುಂಡಿಯೂ ಮೆತ್ತಗಾಯಿತು. ಈ ಸಲದ ಕಾಗದದಲ್ಲಿ ಎಡಗಣ್ಣಿನ ಚಿತ್ರ ಅರ್ಧಕ್ಕೂ ಮಿಕ್ಕಿ ಕಪ್ಪಾಗಿತ್ತು.

"ಶಾಯಿ ಚೆಲ್ಲೇತೇನ್ರಿ?" ಎಂದರು ಮಾವ.

ಅಲ್ಲ, ಕಾಣದ ಜಾಗವೇ ಅದು ಎಂದು ಡಾಕ್ಟರು ತಲೆಯಾಡಿಸಿದರು. ಹನಿಯನ್ನು ನಂಬಿ ಕೂರುವ ಹಾಗಿಲ್ಲ, ಲೇಸರ್ ಮಾಡೋಣ ಎಂದರು. ಮಾವ ಎದ್ದೇ ನಿಂತರು.

"ಕರೆಂಟ ಬಂದು ನಮ್ಮ ಕೈಮಗ್ಗ ತಿಂತು. ಈಗ ಕಣ್ಣ ತಿನ್ನಾಕ ಬಂದೇತೇನು?"

ಪುಣ್ಯಕ್ಕೆ ಡಾಕ್ಟರು ತಾಳ್ಮೆಯವರು. "ಕೂಡ್ರಿ. ಕಣ್ಣಾಗಿನ ನೀರ ಹೊರಗ ಹೋಗಾಕ ಒಂದ ಸಣ್ಣ ಜಾಳಿಗಿ ಐತ್ರಿ. ನಿಮ್ಮದು ಕಟ್ಟಿಕೊಂಡೇತಿ. ಬೆಳಕ ಬಿಟ್ಟು ಅದನ್ನ ಸಡಲ ಮಾಡ್ತೀವಿ. ಕೊಯ್ಯೂದಿಲ್ಲ, ಹೊಲಿಯೂದಿಲ್ಲ."

ಮಾವ ಮೆಲ್ಲಗೆ ಕೂತರು. "ಫಣಿಯಾಗ ಗಂಜಿ ಕಟ್ಟಿಕೊಂಡಂಗ?"

ಫಣಿಯೆಂದರೆ ಮಗ್ಗದಲ್ಲಿ ಎಳೆಗಳು ಹಾಯುವ ಬಾಚಣಿಕೆ, ಗಂಜಿ ಒಣಗಿ ಹಲ್ಲು ಮುಚ್ಚಿದರೆ ಎಳೆ ಸರಿಯುವುದಿಲ್ಲ ಎಂದು ಡಾಕ್ಟರರಿಗೆ ನಾನು ಬಿಡಿಸಿ ಹೇಳಿದೆ.

"ಹೌದ್ರಿ, ಹಂಗ" ಎಂದರು ಅವರು.

"ಮೊದಲ ಹಂಗ ಹೇಳಬಾರದೇನ್ರಿ? ಫಣಿ ಹೊಲಸಾದ್ರ ಸ್ವಚ್ಛ ಮಾಡಬೇಕು. ಅದಕ್ಕ್ಯಾಕ ಇಷ್ಟ ಮಾತು?"

ಹೀಗೆ ಇವತ್ತಿನ ದಿನ ನಿಗದಿಯಾಯಿತು. ಎಡಗಣ್ಣಿಗೆ ಜೋಮು ಬರುವ ಹನಿ ಹಾಕಿ, ಗದ್ದವನ್ನು ಪಟ್ಟಿಯ ಮೇಲಿಡಿಸಿ, ಡಾಕ್ಟರು ಒಂದು ಗಾಜನ್ನು ಕಣ್ಣಿಗೆ ಹಿಡಿದರು. ಮಾವನ ಒಂದು ಕೈ ನನ್ನ ಸೆರಗಿನ ತುದಿಯನ್ನು ಮುದ್ದೆ ಮಾಡಿ ಹಿಡಿದಿತ್ತು. ಬಾಯಿ ಮಾತ್ರ ಉಸ್ತುವಾರಿ ನಡೆಸಿತ್ತು: "ಒಂದ ಹಲ್ಲೂ ಬಿಡಬ್ಯಾಡ್ರಿ." ಹತ್ತು ನಿಮಿಷದೊಳಗೆ ಮುಗಿಯಿತು. ತಾಸು ಬಿಟ್ಟು ಒತ್ತಡ ನೋಡಿದರು. ಸದ್ಯಕ್ಕೆ ಚಿಂತೆಯಿಲ್ಲ, ಖರೆ ಗುಣ ತಿಳಿಯಲು ಕೆಲವು ವಾರ ಬೇಕು, ಅಲ್ಲಿಯವರೆಗೆ ಹನಿ ಬಿಡಬಾರದು, ಬಲಗಣ್ಣಿಗೆ ಮುಂದಿನ ಸಲ ಎಂದರು.

ಸಂಜೆ ನಾನು ಬನಹಟ್ಟಿಯಲ್ಲೇ ಉಳಿದೆ. ಅತ್ತೆ ಬಡಿಸಿ, ತಮ್ಮ ತಾಟು ತಂದು ದಿನದಂತೆ ಮಾವನ ಎಡಕ್ಕೆ ಕೂತರು. ಮಾವ ತುತ್ತು ಕೈಯಲ್ಲೇ ಹಿಡಿದು ನಿಲ್ಲಿಸಿದರು.

"ಈ ಕಡೆ ಬಂದು ಕುಂದರ."

"ಯಾಕ್ರಿ, ಇಲ್ಲೇನಾತು?"

"ಅಲ್ಲಿ ಕುಂತ್ರ ನೀ ನನಗ ಕಾಣಂಗಿಲ್ಲ." ತುತ್ತು ತಾಟಿಗಿಟ್ಟು, "ಬಾಳ ದಿನ ಆತು" ಎಂದರು.

"ಗೊತ್ತೈತಿ" ಎಂದರು ಅತ್ತೆ. "ಅದಕ್ಕ ಇಲ್ಲಿ ಕುಂದರ್ತಿದ್ದೆ. ಈ ಕಡೆಯಿಂದ ಏನರ ಬಂದ್ರ ನಾ ನೋಡಿರ್ತೀನಿ ಅಂತ."

ಅತ್ತೆ ತಾಟು ಎತ್ತಿಕೊಂಡು ಬಲಕ್ಕೆ ಬಂದು ಕೂತರು. ಮಾವ ಪೂರ್ತಿ ಅತ್ತ ತಿರುಗಿ ಬಹಳ ಹೊತ್ತು ನೋಡಿದರು.

"ಮೂಗಬಟ್ಟ ಹೊಸಾದೇನು?"

"ಉಗಾದಿಗಿ ತಗೊಂಡದ್ದು. ಉಣ್ರಿ, ರೊಟ್ಟಿ ಆರತಾವು."

ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಗಟ್ಟಿ ಮೊಸರು ಉಂಡೆವು. ರಾತ್ರಿ ಮಾವ ಹಿತ್ತಲಿಗೆ ಹೋಗಿ ಬರುವವರೆಗೂ ಎಚ್ಚರಿರುವುದು ಅತ್ತೆಯ ರೂಢಿ. ಇವತ್ತು ಮಾವ, "ನಾ ಗ್ವಾಡಿ ಹಿಡಕೊಂಡ ಹೋಗಿ ಬರ್ತೀನಿ, ನೀ ಮಲಕೋ" ಎಂದರು. ಅತ್ತೆ ಅವರಿಗಿಂತ ಮೊದಲು ಮಲಗಿದರು.