ನೀರಿಲ್ಲದ ನಳದ ಪಾಳಿ

ನಮ್ಮ ಬಳ್ಳಾರಿ ಸೀಮೆಯಲ್ಲಿ ಉಪಯೋಗಕ್ಕೆ ಬರುವ ಯಾವ ವಸ್ತುವೂ ಬಹಳ ದಿನ ಸುಮ್ಮನೆ ಬಿದ್ದಿರುವುದಿಲ್ಲ. ಇದು ಅನುಭವದ ಮಾತು; ತಾರೀಖು ಸಮೇತ ನನ್ನ ಡೈರಿಯಲ್ಲಿದೆ. ಬೇರೆಯವರು ಡೈರಿಯಲ್ಲಿ ಮನಸ್ಸಿನ ಮಾತು ಬರೆಯುತ್ತಾರಂತೆ. ನಾನು ಎಣಿಕೆ ಬರೆಯುತ್ತೇನೆ. ಹೋದ ತಿಂಗಳು ಎಷ್ಟು ಸಲ ಸೀನಿದೆ ಎಂದು ಕೇಳಿದರೂ ಹೇಳಬಲ್ಲೆ, ಯಾರೂ ಕೇಳುವುದಿಲ್ಲ. ಅದರಲ್ಲಿ ‘ಹೋದ ಡಬ್ಬಿಗಳು’ ಎಂದೊಂದು ಪುಟವಿದೆ. ನನ್ನ ಹುಚ್ಚು ಜಿಯೋಕ್ಯಾಶಿಂಗ್ ಎಂಬ ಆಟದ್ದು. ಎಲ್ಲಾದರೂ ಒಂದು ಡಬ್ಬಿ ಬಚ್ಚಿಟ್ಟು ಮೊಬೈಲ್ ನಕ್ಷೆಯಲ್ಲಿ ಗುರುತು ಹಾಕಬೇಕು. ಯಾರೋ ಅಪರಿಚಿತರು ಹುಡುಕಿಕೊಂಡು ಬಂದು, ಒಳಗಿನ ಚೀಟಿಗೆ ಸಹಿ ಹಾಕಿ, ಮೊದಲಿನಂತೆ ಇಟ್ಟು ಹೋಗಬೇಕು. ಆಟದ ಹೊರಗಿನವರಿಗೆ ಗುಟ್ಟು ಬಿಡುವ ಹಾಗಿಲ್ಲ.

ಸಿರುಗುಪ್ಪದ ಕಾಲುವೆ ದಂಡೆಯಲ್ಲಿ ಇಟ್ಟ ಸ್ಟೀಲ್ ಡಬ್ಬಿ ಎರಡು ದಿನ ಬಾಳಿತು. ಕುರುಗೋಡಿನಲ್ಲಿ ಜಾಣತನ ಮಾಡಿ, ಇಟ್ಟಿಗೆಯೊಂದನ್ನು ಟೊಳ್ಳು ಕೊರೆದು ಒಳಗೆ ಚೀಟಿ ತುಂಬಿ ರಸ್ತೆ ಬದಿಗೆ ಇಟ್ಟೆ. ಐದನೇ ದಿನ ಹೋಗಿ ನೋಡಿದರೆ ಅದು ಚಹಾದ ಅಜ್ಜಿಯ ಒಲೆಗೆ ಮೂರನೇ ಗುಂಡಾಗಿತ್ತು. “ಹಗುರ ಇಟ್ಟಂಗಿ ಯವ್ವಾ, ಆದ್ರ ಉರಿ ಭಾಳ ಚಲೋ ಹತ್ತೈತಿ” ಎಂದಳು. ಹತ್ತದೆ ಏನು, ಮೊದಲು ಹತ್ತಿದ್ದೇ ನನ್ನ ಚೀಟಿ. ಹೀಗೆ ಇಟ್ಟದ್ದು ಏಳು, ಸಹಿ ಸೊನ್ನೆ. ಎಂಟನೆಯದೂ ಹೋದರೆ ಆಟ ಬಿಟ್ಟೆ ಎಂದು ಡೈರಿಯಲ್ಲಿ ಬರೆದು ಕೆಳಗೆ ರುಜು ಹಾಕಿದೆ.

ಎಂಟನೆಯದು ನಳ. ಕೌಲ್ ಬಜಾರಿನ ನಮ್ಮ ಓಣಿಯ ವರ್ಕ್‌ಶಾಪಿನಲ್ಲಿ ಮೊಳದುದ್ದ ಪೈಪಿಗೆ ಹಿತ್ತಾಳೆ ನಳ ಕೂರಿಸಿಕೊಂಡೆ. ಇಡೀ ನಳವನ್ನೇ ಮೂರು ಸುತ್ತು ತಿರುವಿ ಬಿಚ್ಚಿದರೆ ಪೈಪಿನೊಳಗೆ ಚೀಟಿಯ ಸುರುಳಿ. ಹನ್ನೆರಡನೇ ತಾರೀಖು, ಶನಿವಾರ ಮಧ್ಯಾಹ್ನ, ನಮ್ಮದೇ ಮನೆಯ ಹೊರಗೋಡೆಗೆ ಕ್ಲ್ಯಾಂಪು ಹೊಡೆದು ಬಿಗಿದೆ. ಎಲ್ಲಿಂದಲೂ ಬಾರದ, ಎಲ್ಲಿಗೂ ಹೋಗದ ಪೈಪು.

ಮರುದಿನ ಬೆಳಿಗ್ಗೆ ಅದರ ಕೆಳಗೆ ಹನ್ನೊಂದು ಕೊಡ ಸಾಲಾಗಿ ನಿಂತಿದ್ದವು. ಮೊದಲನೆಯದು ಎದುರು ಮನೆಯ ಖಾಸಿಂಬಿ ಚಾಚಿಯದು.

“ಚಾಚಿ, ಅದ್ರಾಗ ನೀರು ಬರಂಗಿಲ್ಲ” ಎಂದೆ, ಗುಟ್ಟು ಬಿಡದೆ ಹೇಳಬಹುದಾದಷ್ಟು.

“ಯಾವ ನಳದಾಗ ದಿನಾ ಬರ್ತೈತಿ ಹೇಳು ಬೇಟಿ? ಬಂದಾಗ ಬರ್ತೈತಿ. ಪಾಳಿ ಮುಖ್ಯ.”

ಆಗ ನನಗೆ ಜ್ಞಾನೋದಯವಾಯಿತು. ನೀರು ಬಾರದ ನಳದ ಮೇಲೆ ನಮ್ಮೂರಲ್ಲಿ ಯಾರಿಗೂ ಅನುಮಾನವಿಲ್ಲ. ಮೇಲಾಗಿ ಹನ್ನೊಂದು ಮನೆಯ ಕಾವಲು. ಗುಜರಿಯವನೊಬ್ಬ ನಳ ಮುಟ್ಟಲು ಹೋಗಿ ಬೈಸಿಕೊಂಡು ಓಡಿದ್ದೂ ದಾಖಲಾಗಿದೆ.

ಹದಿನೈದನೇ ದಿನ, ಭಾನುವಾರ, ಒಬ್ಬರು ಮೊಬೈಲನ್ನೂ ಗೋಡೆಯನ್ನೂ ಸರದಿಯಾಗಿ ನೋಡುತ್ತಾ ಬಂದರು. ಸಿರುಗುಪ್ಪದ ಮೇಷ್ಟ್ರು ಎಂದು ಆಮೇಲೆ ಗೊತ್ತಾಯಿತು. ನಾನು ಕಿಟಕಿಯ ಸರಳಿಗೆ ಮುಖ ಒತ್ತಿ ನಿಂತೆ. ಅವರು ನಳಕ್ಕೆ ಕೈ ಹಾಕಿದ್ದೇ ತಡ, ಎದುರು ಕಟ್ಟೆಯಿಂದ ಚಾಚಿ ಎದ್ದಳು.

“ಏನ್ರೀ ಸರ, ನಿಮ್ಮ ಕೊಡ ಎಲ್ಲೈತಿ?”

ಪಾಪ, ಮೇಷ್ಟ್ರು ಅಂಗಡಿಗೆ ಹೋಗಿ ಒಂದು ಕೆಂಪು ಪ್ಲಾಸ್ಟಿಕ್ ಕೊಡ ತಂದು ಹನ್ನೆರಡನೆಯದಾಗಿ ಇಟ್ಟರು. “ಪಾಳಿ ಯಾವಾಗ ಬರ್ತೈತ್ರಿ?”

“ನೀರು ಬಂದ ಮ್ಯಾಲ.”

ಅರ್ಧ ತಾಸು ಕಟ್ಟೆಯ ಮೇಲೆ ಕೂತರು. ಎದ್ದು ಬಸ್ ಸ್ಟ್ಯಾಂಡಿನ ಕಡೆ ನಾಲ್ಕು ಹೆಜ್ಜೆ ಇಟ್ಟಾಗ ನನ್ನ ಆಟ ಮುಗಿಯಿತೆಂದುಕೊಂಡೆ. ಆದರೆ ತಿರುಗಿ ಬಂದು, “ವಾಷರ್ ಹೋಗಿರಬೇಕ್ರಿ, ಬಿಚ್ಚಿ ನೋಡ್ಲ್ಯಾ?” ಎಂದರು.

“ಅದನ್ನ ಮೊದ್ಲಽ ಹೇಳಬಾರದೇನ್ರಿ? ರಿಪೇರಿಯವರಿಗೆ ಎಂಥ ಪಾಳಿ? ಬಾಜೂಕ ಸರೀರಿ ಎಲ್ಲಾರೂ.”

ಮೇಷ್ಟ್ರು ಮೂರು ಸುತ್ತು ತಿರುವಿ, ಓಣಿಗೆ ಬೆನ್ನು ಮಾಡಿ ಸಹಿ ಹಾಕಿ, ಮತ್ತೆ ಬಿಗಿದು, ಗಂಭೀರವಾಗಿ ಕೈ ಒರೆಸಿಕೊಂಡರು. ಕೆಂಪು ಕೊಡವನ್ನು ಚಾಚಿಗೇ ಬಿಟ್ಟು ಹೋದರು. ಸಂಜೆ ನಕ್ಷೆಯಲ್ಲಿ ಅವರ ಮಾತು ಬಂತು: ‘ಇನ್ನೂರು ಡಬ್ಬಿ ಹುಡುಕಿದ್ದೇನೆ. ಹೆಂಗಸರು ಕಾವಲಿರುವ ಡಬ್ಬಿ ಇದೊಂದೇ.’ ಡೈರಿಯಲ್ಲಿ ‘ಸಹಿ: ಒಂದು’ ಎಂದು ಬರೆದು, ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದೆ.

ರಿಪೇರಿಯಾದ ಸುದ್ದಿ ಹಬ್ಬಿ ಸೋಮವಾರ ಕೊಡಗಳು ಇಪ್ಪತ್ಮೂರಾದವು. ನೀರಿಲ್ಲ ಎಂದು ಇನ್ನೊಮ್ಮೆ ಹೇಳಿ ನೋಡಿದೆ. ಚಾಚಿ ನನ್ನನ್ನು ದಿಟ್ಟಿಸಿದಳು. “ಗ್ವಾಡಿ ನಿಮ್ಮದು, ನಳ ನಿಮ್ಮ ಬಾಗಲಾಗ ಐತಿ, ಕೊಡ ಒಂದು ಇಡಂಗಿಲ್ಲ. ಏನ್ ಹುಡುಗಿನೋ.” ಗುಟ್ಟು ಉಳಿಯಬೇಕಲ್ಲ, ಒಳಗಿಂದ ಕೊಡ ತಂದು ಇಪ್ಪತ್ನಾಲ್ಕನೆಯದಾಗಿ ಇಟ್ಟೆ. ಇಟ್ಟವಳು ಹಾಗೇ ಬರಬಹುದಿತ್ತು. ಅತ್ತಿತ್ತ ನೋಡಿ, ಯಾರಿಗೆ ಗೊತ್ತು, ಬಂದರೂ ಬಂದೀತು ಎಂದು, ಆ ನಳವನ್ನು ಒಂದು ಸಲ ತಿರುಗಿಸಿ ನೋಡಿದೆ.