ಬಿಳಿ ಪಂಚೆಯ ಕೆಳಗಿನ ಲೈಬ್ರರಿ

ಮನೆಗೆ ಯಾರಾದರೂ ಬರುತ್ತಾರೆಂದರೆ ನಾವು ಹೆಂಗಸರು ಮೊದಲು ಮಾಡುವ ಕೆಲಸ ಗುಡಿಸುವುದಲ್ಲ, ಮುಚ್ಚುವುದು. ಸೋಫಾದ ಹರಿದ ಮೂಲೆಗೆ ಕುಶನ್ನು, ಗೋಡೆಯ ಎಣ್ಣೆ ಕಲೆಗೆ ಕ್ಯಾಲೆಂಡರು, ಇಸ್ತ್ರಿಯಾಗದ ಬಟ್ಟೆಗಳ ರಾಶಿಗೆ ಮಲಗುವ ಕೋಣೆಯ ಬಾಗಿಲು. ಈ ವಿದ್ಯೆಯಲ್ಲಿ ನಾನು ಸ್ವಲ್ಪ ಹೆಚ್ಚೇ ಪಳಗಿದವಳು. ಮೈಸೂರಿನವಳಲ್ಲವೆ, ಬೊಂಬೆ ಕೂರಿಸುವುದನ್ನು ನೋಡುತ್ತಲೇ ಬೆಳೆದೆ. ಡಬ್ಬವೋ ಟ್ರಂಕೋ ಕಾಲು ಮುರಿದ ಸ್ಟೂಲೋ, ಏನೇ ಇರಲಿ, ಮೇಲೊಂದು ಬಿಳಿ ಪಂಚೆ ಹೊದಿಸಿ ಸುಕ್ಕು ತೀಡಿದರೆ ಅದು ಅರಮನೆಯ ಮೆಟ್ಟಿಲು. ಅರಿಶಿನ ಕುಂಕುಮಕ್ಕೆ ಬಂದವರು ಯಾರೂ ಪಂಚೆ ಎತ್ತಿ ಕೆಳಗೇನಿದೆ ಎಂದು ನೋಡುವುದಿಲ್ಲ. ಅವರ ಮನೆಯಲ್ಲೂ ಅದೇ ಇರುತ್ತದೆ. ಆದರೆ ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿಯ ಸಿಸ್ಟರುಗಳು ನನಗೆ ಬಿಡಲಾಗದ ಎರಡು ಅಭ್ಯಾಸ ಅಂಟಿಸಿ ಕಳಿಸಿದರು. ಒಂದು, ಕಂಡ ಪುಸ್ತಕಕ್ಕೆಲ್ಲ ಬ್ರೌನ್ ಪೇಪರಿನ ಬೈಂಡ್ ಹಾಕುವುದು. ಇನ್ನೊಂದು, ಕೈಯಲ್ಲಿ ಫೈಲು ಹಿಡಿದ ಹೆಂಗಸು ಏನು ಕೇಳಿದರೂ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುವುದು. ಮುಚ್ಚುವ ಕೈ, ಬಿಚ್ಚುವ ಬಾಯಿ ಎರಡೂ ಒಬ್ಬಳಲ್ಲೇ ಇದ್ದರೆ ಎಂಥ ಪಾಡು ಎಂಬುದು ಸಿಂಗಪುರಕ್ಕೆ ಬಂದ ಮೇಲೆ ತಿಳಿಯಿತು.

ತೊಂಬತ್ತರ ದಶಕದ ಮಾತು. ಇವರಿಗೆ ಬ್ಯಾಂಕಿನ ಕೆಲಸ, ಬ್ಯೂನಾ ವಿಸ್ಟಾದಲ್ಲಿ ಮನೆ. ಮಗಳು ಸ್ಮಿತಾ ಸ್ಕೂಲಿಗೆ ಹೋದ ಮೇಲೆ ನನಗೂ ಗಡಿಯಾರಕ್ಕೂ ಮಾತ್ರ ಮಾತುಕತೆ. ಹಾಗಾಗಿ ಪಾಯಾ ಲೆಬಾರ್‌ನ ಒಂದು ಖಾಸಗಿ ಕಾಲೇಜಿನಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡಲು ಒಪ್ಪಿದೆ. ಕಾಲೇಜೆಂದರೆ ಕಂಬ, ಗಂಟೆಗೋಪುರ ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ಟೈರ್ ಅಂಗಡಿಯ ಮಹಡಿಯ ಮೇಲೆ ಎರಡು ಕೋಣೆ, ಒಂದು ಪಡಸಾಲೆ, ಆ ಪಡಸಾಲೆಯಲ್ಲಿ ಮಾಲೀಕರಾದ ಮಿಸೆಸ್ ಕೋ ಅವರ ರೈಸ್ ಕುಕ್ಕರ್. ಗದರಿಸುವ ಗಂಟಲಿನ, ಮೆತ್ತನೆ ಮನಸ್ಸಿನ ಹೆಂಗಸು. ಲಾಭಕ್ಕೆಂದೇ ನಡೆಸುತ್ತೇನೆ ಎಂದು ಬಾಯಿಬಿಟ್ಟು ಹೇಳುತ್ತಿದ್ದರು. ಫ್ಯಾಕ್ಟರಿಯಿಂದ ಹಸಿದು ಬಂದ ಹುಡುಗಿಯರಿಗೆ ಆ ಕುಕ್ಕರಿನಿಂದಲೇ ಗಂಜಿ ಬಡಿಸುತ್ತಿದ್ದರು.

ಆ ಹುಡುಗಿಯರಲ್ಲೊಬ್ಬಳು ಸಲ್ಮಾ. ವುಡ್‌ಲ್ಯಾಂಡ್ಸ್‌ನ ಎಲೆಕ್ಟ್ರಾನಿಕ್ಸ್ ಫ್ಯಾಕ್ಟರಿಯಲ್ಲಿ ದಿನವಿಡೀ ಬೆಸುಗೆ ಹಾಕಿ, ಬಸ್ಸಿನಲ್ಲಿ ನಿದ್ದೆ ಮಾಡಿಕೊಂಡು ನಮ್ಮಲ್ಲಿಗೆ ಬರುತ್ತಿದ್ದಳು. ಅಕೌಂಟ್ಸ್ ಪರೀಕ್ಷೆ ಪಾಸಾದರೆ ಅದೇ ಫ್ಯಾಕ್ಟರಿಯ ಆಫೀಸಿನಲ್ಲಿ ಕುರ್ಚಿ ಸಿಗುತ್ತಿತ್ತು. ಬೆಸುಗೆಯ ಹೊಗೆಗೆ ಅವಳ ಕಣ್ಣು ಸದಾ ಅತ್ತು ಬಂದವಳ ಹಾಗೆ ಕೆಂಪು. ಅಂಥವರ ಫೀಸಿನ ಬಹುಪಾಲನ್ನು ಸರ್ಕಾರ ಕೊಡುತ್ತಿತ್ತು, ಆದರೆ ಮಾನ್ಯತೆ ಇರುವ ಕಾಲೇಜಿಗೆ ಮಾತ್ರ. ಆ ಮಾನ್ಯತೆ ಉಳಿಯಬೇಕೆಂದರೆ ಅಧಿಕಾರಿ ಬಂದು ಪಾಠ, ಫ್ಯಾನು, ಬೆಂಕಿ ಬಿದ್ದರೆ ಓಡುವ ಬಾಗಿಲು, ಲೈಬ್ರರಿ ಎಲ್ಲವನ್ನೂ ನೋಡಿ ಒಪ್ಪಬೇಕು. ನಮ್ಮಲ್ಲಿ ಪಾಠವಿತ್ತು, ಫ್ಯಾನಿತ್ತು, ಬಾಗಿಲಿತ್ತು.

"ನಿಮ್ಮ ಕಡೆ ಹಬ್ಬಕ್ಕೆ ಏನೇನೋ ಜೋಡಿಸ್ತೀರಲ್ಲ, ಫೋಟೋ ತೋರಿಸಿದ್ರಿ, ತುಂಬ ಚೆನ್ನಾಗಿತ್ತು ಲಾ. ಈ ಮೂಲೇನ ಲೈಬ್ರರಿ ಥರ ಮಾಡಿಕೊಡಿ" ಎಂದರು ಮಿಸೆಸ್ ಕೋ. (ಅವರ ಇಂಗ್ಲಿಷನ್ನು ನನ್ನ ಕನ್ನಡಕ್ಕೆ ತಂದಿದ್ದೇನೆ, ಸಿಂಗಪುರದವರು ಮಾತಿನ ಕೊನೆಗೆ ಅಂಟಿಸುವ 'ಲಾ' ಮಾತ್ರ ತರಲಾಗದೆ ಹಾಗೇ ಬಿಟ್ಟಿದ್ದೇನೆ.) ಹೊಗಳಿಕೆಗೆ ನಾನು ಬೆಣ್ಣೆ. ಬಿಸ್ಕತ್ತಿನ ಖಾಲಿ ಟಿನ್ನುಗಳು, ಇವರ ಜರಿ ಪಂಚೆ, ನಮ್ಮ ಮನೆಯಲ್ಲಿದ್ದ ಪುಸ್ತಕಗಳಷ್ಟೂ ಪಾಯಾ ಲೆಬಾರ್‌ಗೆ ಹೊರಟವು.

"ಲೇ, ಇದು ಫ್ರಾಡ್ ಅಲ್ವೇನೆ?" ಎಂದರು ಇವರು, ಚೀಲ ಹೊತ್ತುಕೊಂಡೇ.

"ಅಲಂಕಾರ ರೀ" ಎಂದೆ.

"ಅಮ್ಮಾ, ಸೋ ಫೇಕ್ ಲಾ" ಎಂದಳು ಸ್ಮಿತಾ. ಅವಳನ್ನೂ ಕಾನ್ವೆಂಟಿಗೇ ಹಾಕಿದ್ದೆವು.

ಮೆಟ್ಟಿಲು ಮೆಟ್ಟಿಲಾಗಿ ಬ್ರೌನ್ ಪೇಪರಿನ ಪುಸ್ತಕಗಳು ನಿಂತಾಗ ನನಗೇ ಕಣ್ಣು ತುಂಬಿ ಬಂತು. ಆರತಿ ಎತ್ತುವುದೊಂದೇ ಬಾಕಿ. ಲೇಬಲ್ಲುಗಳನ್ನು ಮಾತ್ರ ಖಾಲಿ ಬಿಟ್ಟಿದ್ದೆ. ಅಕ್ಷರದಲ್ಲಿ ಸುಳ್ಳು ಬರೆಯಲು ಕೈ ಬರಲಿಲ್ಲ.

ತಪಾಸಣೆಗೆ ಬಂದ ಅಧಿಕಾರಿ ಮಿಸ್ ತಿಯೋ. ತೆಳ್ಳಗಿನ ಹುಡುಗಿ, ಇಸ್ತ್ರಿಯ ಗೆರೆ ಬ್ಲೇಡಿನಂತಿತ್ತು. ಎದೆಗೊತ್ತಿ ಹಿಡಿದ ಫೈಲು. ಲೈಬ್ರರಿಯ ಮುಂದೆ ನಿಂತು ಒಂದು ಪುಸ್ತಕ ತೆಗೆದು ಬಿಡಿಸಿದಳು. "ಇದು ಯಾವ ಭಾಷೆ?"

"ಕನ್ನಡ."

"ಯಾವ ಕೋರ್ಸಿಗೆ?"

ಮಿಸೆಸ್ ಕೋ ನನ್ನನ್ನೇ ನೋಡುತ್ತಿದ್ದರು. ಗೃಹವಿಜ್ಞಾನ ಅನ್ನಬಹುದಿತ್ತು. ನಾನು ಫೈಲು ನೋಡಿದೆ. "ಉಪ್ಪಿನಕಾಯಿಗೆ ಮಿಸ್" ಎಂದುಬಿಟ್ಟೆ.

ಮಿಸ್ ತಿಯೋ ಬಗ್ಗಿ, ನಮ್ಮೂರಿನಲ್ಲಿ ಯಾವ ಹೆಂಗಸೂ ಮಾಡದ ಕೆಲಸ ಮಾಡಿದಳು. ಪಂಚೆಯ ಅಂಚನ್ನು ಎತ್ತಿದಳು. ಕ್ರೀಮ್ ಕ್ರ್ಯಾಕರ್ ಟಿನ್ನುಗಳು ಸಾಲಾಗಿ ಇಣುಕಿದವು. ಇನ್ನು ಹೇಳದೆ ವಿಧಿಯಿಲ್ಲ. ದಸರಾ, ಬೊಂಬೆ, ಪಂಚೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ತರಗತಿಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಸಲ್ಮಾ ಮುಂದೆ ಬಂದಳು.

"ಮಿಸ್, ಬುಕ್ಸ್ ಇಲ್ಲ, ಅದು ನಿಜ. ಟೀಚರ್ಸ್ ಇದ್ದಾರೆ. ಮಾನ್ಯತೆ ಹೋದರೆ ಪೂರ್ತಿ ಫೀಸ್ ನಾನೇ ಕಟ್ಟಬೇಕು, ನನ್ನ ಕೈಲಿ ಆಗಲ್ಲ. ಇಷ್ಟು ದೂರ ಓದಿ ಬಿಡೋದಾ?" ಎಂದಳು. ಅವತ್ತು ಅವಳ ಕಣ್ಣು ಕೆಂಪಾಗಿದ್ದದ್ದು ಬೆಸುಗೆಯಿಂದಲೋ ಅಲ್ಲವೋ, ನನಗೆ ಗೊತ್ತಾಗಲಿಲ್ಲ.

ಮಿಸ್ ತಿಯೋ ಹಿಂದಿನ ಬೆಂಚಿನಲ್ಲಿ ಕೂತು ಆ ಸಂಜೆಯ ಪಾಠವೆಲ್ಲ ಕೇಳಿದಳು. ವರದಿ ಬಂತು. ಪಾಠ ತೃಪ್ತಿಕರ. ವರ್ಷದೊಳಗೆ ನಿಜವಾದ ಲೈಬ್ರರಿ ಆಗಬೇಕು, ಅಲ್ಲಿಯವರೆಗೆ ನೆರವು ಮುಂದುವರಿಯುತ್ತದೆ, ಮತ್ತೆ ಬಂದು ನೋಡುತ್ತೇವೆ. ಲೈಬ್ರರಿಗೆ ಒಬ್ಬರು ಜವಾಬ್ದಾರರಿರಬೇಕು ಎಂದೂ ಇತ್ತು. ಮಿಸೆಸ್ ಕೋ ಬೈದುಕೊಂಡೇ ದಪ್ಪ ದಪ್ಪ ಅಕೌಂಟ್ಸ್ ಪುಸ್ತಕಗಳನ್ನು ತರಿಸಿದರು. ಜವಾಬ್ದಾರಿ ಯಾರಿಗೆ ಬಂತೆಂದು ಬೇರೆ ಹೇಳಬೇಕೆ?

ಜವಾಬ್ದಾರಿ ಹೊತ್ತವಳು ಮೊದಲು ಮಾಡುವ ಕೆಲಸ ಬೈಂಡ್ ಹಾಕುವುದು. ಪುಸ್ತಕಗಳನ್ನೆಲ್ಲ ಮನೆಗೆ ತಂದೆ, ಬೈಂಡ್ ಹಾಕಿದೆ, ಈ ಸಲ ಲೇಬಲ್ಲಿನ ಮೇಲೆ ಕಾಲೇಜಿನ ಹೆಸರು, ಪುಸ್ತಕದ ಹೆಸರು ಎಲ್ಲವನ್ನೂ ಸಿಸ್ಟರುಗಳು ಕಲಿಸಿದ ದುಂಡಕ್ಷರದಲ್ಲಿ ಬರೆದೆ. ಅಷ್ಟರಲ್ಲಿ ನವರಾತ್ರಿ ಬಂತು. ಟಿನ್ನುಗಳು ಕಾಲೇಜಿನಲ್ಲೇ ಉಳಿದಿದ್ದವು. ಅವುಗಳಲ್ಲಿ ಮಿಸೆಸ್ ಕೋ ಅಕ್ಕಿ ತುಂಬಿದ್ದರು. ಮೇಲಿನ ಮೆಟ್ಟಿಲಿಗೆ ಎತ್ತರ ಸಾಲದು. ದಪ್ಪ ಪುಸ್ತಕಗಳು ಎದುರಿಗೇ ಇದ್ದವು. ನಾಲ್ಕು ದಿನದ ಮಾತಲ್ಲವೆ ಎಂದುಕೊಂಡೆ.

ಪಟ್ಟದ ರಾಜ ರಾಣಿಯರನ್ನು ಅವುಗಳ ಮೇಲೆ ಕೂರಿಸಿದೆ. ಒಮ್ಮೆ ಕೂರಿಸಿದ ಮೇಲೆ ವಿಜಯದಶಮಿಯವರೆಗೆ ಆ ಜೋಡಿಯನ್ನು ಮುಟ್ಟುವ ಹಾಗಿಲ್ಲ ಎಂಬುದು ನಮ್ಮಮ್ಮನ ಕಟ್ಟಪ್ಪಣೆ. ಸಲ್ಮಾಳನ್ನು ಕರೆದಿದ್ದೆ; ಮೊಟ್ಟೆ ಹಾಕದೆ ಮಾಡಿದ ಕೇಕು ಹಿಡಿದು ಬಂದಳು. ಮಿಸ್ ತಿಯೋಳನ್ನೂ ಕರೆದಿದ್ದೆ. ಆ ದಿನ ಅಷ್ಟೊಂದು ವರ್ಣಿಸಿದ ಮೇಲೆ ತೋರಿಸದಿದ್ದರೆ ಹೇಗೆ? ಫೈಲಿಲ್ಲದೆ, ಹೂವಿನ ಅಂಗಿ ತೊಟ್ಟು ಬಂದಳು. ಸರ್ಕಾರಿ ಕೆಲಸದವಳೆಂದು ರವಿಕೆ ಕಣ ಬೇಡವೆಂದಳು, ಕಡಲೆಕಾಳಿನ ಉಸ್ಲಿಯನ್ನು ಎರಡು ಸಲ ಹಾಕಿಸಿಕೊಂಡಳು. ಆಮೇಲೆ ಬೊಂಬೆಗಳ ಮುಂದೆ ನಿಂತು, ನನ್ನತ್ತ ಒಂದು ತುಂಟ ನಗೆ ಬೀರಿ, ಪಂಚೆಯ ಅಂಚನ್ನು ಎತ್ತಿದಳು.

ನನ್ನ ದುಂಡಕ್ಷರ ಫಳಫಳ ಹೊಳೆಯಿತು.

"ನಮ್ಮಲ್ಲಿ ಈ ದಿನಗಳಲ್ಲಿ ದೇವರ ಹತ್ತಿರ ಪುಸ್ತಕ ಇಟ್ಟು ಪೂಜೆ ಮಾಡ್ತೀವಿ" ಎಂದೆ. ಫೈಲಿರಲಿಲ್ಲವಲ್ಲ.

"ಮುಂದೆ ಇಡೋದಾ, ಕೆಳಗಾ?" ಎಂದಳು ಮಿಸ್ ತಿಯೋ.

ಇವರು ಕೆಮ್ಮು ಬಂದವರಂತೆ ಬಾಲ್ಕನಿಗೆ ಹೋದರು. ಅಷ್ಟರಲ್ಲಿ ಸಲ್ಮಾ ಮಂಡಿಯೂರಿ ಕೂತು ಲೇಬಲ್ಲು ಓದುತ್ತಿದ್ದಳು. "ಟೀಚರ್! ಈ ಬುಕ್‌ನ ನಾನು ದಿನಾ ಶೆಲ್ಫಲ್ಲಿ ಹುಡುಕ್ತಿದ್ದೆ ಲಾ. ಸೋಮವಾರ ಎಕ್ಸಾಮ್!"

ವಿಜಯದಶಮಿ ಬುಧವಾರ. ಪುಸ್ತಕ ಇದ್ದದ್ದು ರಾಜನ ಕೆಳಗೆ. ನಾನು ಅಮ್ಮನನ್ನು ನೆನೆದೆ, ಸಿಸ್ಟರುಗಳನ್ನು ನೆನೆದೆ, ಸಲ್ಮಾಳ ಕಣ್ಣು ನೋಡಿದೆ. ಆಮೇಲೆ ಇನ್ನೇನೂ ನೆನೆಯದೆ ಎರಡೂ ಕೈಯಿಂದ ಪುಸ್ತಕ ಎಳೆದೆ. ಬಂತು. ಸಲ್ಮಾ ಅದನ್ನು ಮಗುವಿನ ಹಾಗೆ ತಬ್ಬಿಕೊಂಡು ಓಡಿದಳು. ಪಾಸಾದಳು ಕೂಡ, ಮುಂದಿನ ತಪಾಸಣೆಯ ದಿನ ಆಫೀಸಿನ ಬಟ್ಟೆಯಲ್ಲೇ ಬಂದು ಮಿಸೆಸ್ ಕೋ ಅವರ ಗಂಜಿ ಕುಡಿದಳು. ಅಂದು ಪುಸ್ತಕಗಳೆಲ್ಲ ಶೆಲ್ಫಿನಲ್ಲೇ ಇದ್ದವು.

ಇತ್ತ ನಮ್ಮ ರಾಜ ಕೂತಲ್ಲಿಂದ ಕುಸಿದು ರಾಣಿಯ ಭುಜಕ್ಕೆ ಒರಗಿಕೊಂಡ. ನೆಟ್ಟಗೆ ಮಾಡೋಣವೆಂದರೆ ದಶಮಿಯವರೆಗೆ ಮುಟ್ಟುವಂತಿಲ್ಲ. ಮರುದಿನ ಬಂದ ಗೆಳತಿಯರು, "ಅಯ್ಯೋ, ಎಷ್ಟು ಅನ್ಯೋನ್ಯವಾಗಿ ಕೂರಿಸಿದೀರ! ಬೇಕು ಅಂತಾನೇ ಹೀಗ್ ಅರೇಂಜ್ ಮಾಡಿದ್ರಾ?" ಎಂದು ಕೇಳಿದರು.

ಎಲ್ಲರ ಕೈಯನ್ನೂ ಒಮ್ಮೆ ನೋಡಿದೆ. ಕುಂಕುಮದ ಬಟ್ಟಲು, ಉಸ್ಲಿಯ ದೊನ್ನೆ. ಫೈಲು ಯಾರಲ್ಲೂ ಇರಲಿಲ್ಲ.

"ಹೂಂ ಮತ್ತೆ" ಎಂದೆ.